ನಮ್ಮ ಕೌಂಟರು ಮುಚ್ಚುವುದಿಲ್ಲ

ದೊಡ್ಡ ಬ್ಯಾಂಕಿನ ನೆಲಮಾಳಿಗೆಯಲ್ಲಿರುವ ಮ್ಯೂಸಿಯಮ್ಮಿಗೆ ಬಂದವರಿಗೆ ಬ್ಯಾಂಕಿನ ಚರಿತ್ರೆ ಹೇಳುವುದು ಮೇಷ್ಟ್ರ ಕೆಲಸ. ಅವರು ಯಾವ ಶಾಲೆಯಲ್ಲೂ ಪಾಠ ಮಾಡಿದವರಲ್ಲ. ಗುಮಾಸ್ತರಾಗಿ ಸೇರಿ, ಇಪ್ಪತ್ತು ವರ್ಷ ಮೇಲಿನ ಮಹಡಿಗಳಲ್ಲಿ ಕಡತ ಹೊತ್ತು, ಮಾತು ಜಾಸ್ತಿ ಎಂಬ ಕಾರಣಕ್ಕೆ ಕೆಳಕ್ಕೆ ವರ್ಗವಾದವರು. ಕಳಿಸಿದವರು ಶಿಕ್ಷೆ ಎಂದುಕೊಂಡರು, ಇವರು ಬಡ್ತಿ ಎಂದುಕೊಂಡರು. ಮೇಷ್ಟ್ರು ಎಂಬ ಹೆಸರು ಅಲ್ಲಿ ಅಂಟಿಕೊಂಡಿತು.

ದೊಡ್ಡ ಬ್ಯಾಂಕು ಎಂದರೆ ನಾವು ನೀವು ಪಾಸ್‌ಬುಕ್ಕು ಹಿಡಿದು ಹೋಗುವ ಬ್ಯಾಂಕಲ್ಲ. ದೇಶದ ನೋಟು ಅಚ್ಚಾಗುವುದು ಅದರ ಹೆಸರಿನಲ್ಲಿ, ಬಡ್ಡಿ ಏರುವುದು ಇಳಿಯುವುದು ಅದರ ಬಾಯಿಮಾತಿನಲ್ಲಿ. "ಊರಿಗೆಲ್ಲ ಸಾಲ ಕೊಡೋ ಬ್ಯಾಂಕುಗಳಿಗೇ ಕಷ್ಟ ಬಂದ್ರೆ ಎಲ್ಲಿಗೆ ಹೋಗ್ತವೆ ಹೇಳಿ? ನಮ್ಮ ಬಾಗಿಲಿಗೇ ಬರಬೇಕು," ಎಂದು ಮೇಷ್ಟ್ರು ಎದೆಯುಬ್ಬಿಸಿ ಹೇಳುತ್ತಿದ್ದರು. ಅವರ ಸಂಬಳದ ಚೀಟಿ ನೋಡಿದವರು ಯಾರೂ ಆ 'ನಮ್ಮ' ಎಂಬ ಮಾತಿಗೆ ನಗದೆ ಇರಲು ಸಾಧ್ಯವಿರಲಿಲ್ಲ.

ಮೊದಲ ಗಾಜಿನ ಪೆಟ್ಟಿಗೆಯಲ್ಲಿ ಬ್ಯಾಂಕು ಹುಟ್ಟುವುದಕ್ಕೂ ಮುಂಚಿನ ನೋಟುಗಳಿದ್ದವು. ಆಗ ಒಬ್ಬೊಬ್ಬ ಸಾಹುಕಾರನೂ ತನ್ನದೇ ನೋಟು ಅಚ್ಚು ಹಾಕುತ್ತಿದ್ದ. ನದಿಯ ಈ ದಡದಲ್ಲಿ ಹತ್ತಕ್ಕೆ ನಡೆಯುವ ನೋಟು ಆ ದಡದಲ್ಲಿ ಏಳಕ್ಕೆ ಇಳಿಯುತ್ತಿತ್ತು, ಸಾಹುಕಾರ ಸತ್ತರೆ ನೋಟೂ ಸಾಯುತ್ತಿತ್ತು. ಆಮೇಲೆ ಎಪ್ಪತ್ತೈದು ವರ್ಷಗಳ ಹಿಂದೆ ದೊಡ್ಡ ಬ್ಯಾಂಕು ಬಂತು. ಒಂದೇ ನೋಟು, ಒಂದೇ ಬೆಲೆ, ಕೆಳಗೆ ಗವರ್ನರ ಸಹಿ: ತಂದವರಿಗೆ ಇದರ ಬೆಲೆ ಕೊಡುವ ಹೊಣೆ ನನ್ನದು. ಈ ವಾಕ್ಯ ಬಂದಾಗ ಮೇಷ್ಟ್ರು ಕನ್ನಡಕ ತೆಗೆಯುತ್ತಿದ್ದರು. ಅದನ್ನು ಓದುವುದಕ್ಕೆ ಅವರಿಗೆ ಕನ್ನಡಕ ಬೇಕಿರಲಿಲ್ಲ.

ಅವರಿಗೆ ಅಚ್ಚುಮೆಚ್ಚಿನ ಕಥೆ ಮಾತ್ರ ನಾಲ್ಕನೇ ಪೆಟ್ಟಿಗೆಯದು. ಅದರಲ್ಲಿ ಒಂದೇ ಒಂದು ಫೋಟೊ. ಒಂದು ಸಣ್ಣ ಬ್ಯಾಂಕು, ಎದುರಿಗೆ ಬೀದಿಯುದ್ದಕ್ಕೂ ಜನ.

"ನಲವತ್ತೊಂಬತ್ತು ವರ್ಷದ ಹಿಂದಿನ ಮಾತು. ಈ ಬ್ಯಾಂಕು ಮುಳುಗುತ್ತೆ ಅಂತ ಗಾಳಿಸುದ್ದಿ ಹಬ್ಬಿತು. ಎಲ್ಲರೂ ದುಡ್ಡು ವಾಪಸ್ ತಗೊಳ್ಳೋಕೆ ಓಡಿಬಂದ್ರು. ಎಲ್ಲರೂ ಒಂದೇ ದಿನ ಕೇಳಿದ್ರೆ ಯಾವ ಬ್ಯಾಂಕು ತಾನೇ ಉಳಿಯುತ್ತೆ? ನಮ್ಮಪ್ಪನೂ ಸಾಲಲ್ಲಿದ್ರು. ನನಗೆ ಒಂಬತ್ತು ವರ್ಷ, ನಮ್ಮಕ್ಕನಿಗೆ ಹದಿನಾಲ್ಕು. ಆಗ ಬಂತು ನೋಡಿ ದೊಡ್ಡ ಬ್ಯಾಂಕಿನ ವ್ಯಾನು! ಕಂತೆಕಂತೆ ನೋಟು ಇಳಿಸಿ, ಬೀದಿಗೆ ಕಾಣೋ ಹಾಗೆ ಕಿಟಕಿಯಲ್ಲಿ ಒಟ್ಟಿದ್ರು, ಗೋಡೆ ಕಟ್ಟಿದ ಹಾಗೆ. ಜನ ನೋಡಿದ್ರು. ಒಬ್ಬೊಬ್ಬರೇ ಸಾಲು ಬಿಟ್ಟು ಮನೆಗೆ ಹೋದ್ರು. ನಮ್ಮಪ್ಪನೂ ಬಾಗಿಲ ತನಕ ಹೋಗಿ ವಾಪಸ್ ಬಂದ್ರು. ಒಂದು ಕಾಸೂ ಮುಳುಗಲಿಲ್ಲ."

ಒಂದು ಸಂಗತಿಯನ್ನು ಮಾತ್ರ ಮೇಷ್ಟ್ರು ಯಾರಿಗೂ ಹೇಳುತ್ತಿರಲಿಲ್ಲ. ಹನ್ನೊಂದು ವರ್ಷದ ಹಿಂದೆ ಹಳೆಯ ಕಡತವೊಂದರಲ್ಲಿ ಅವರಿಗೆ ಆ ದಿನದ ಚೀಟಿ ಸಿಕ್ಕಿತ್ತು. ಕಂತೆಗೆ ಮೇಲೊಂದು ಕೆಳಗೊಂದು ನೋಟು, ನಡುವೆ ಅಳತೆಗೆ ಕತ್ತರಿಸಿದ ಬಿಳಿ ಕಾಗದ, ಎಂದು ಅದರಲ್ಲಿ ಆಜ್ಞೆಯಿತ್ತು. ಅಷ್ಟು ಬೇಗ ಅಷ್ಟೊಂದು ನೋಟು ಅಚ್ಚಾಗಿರಲಿಲ್ಲವಂತೆ. ಬೇರೆ ಯಾರಾದರೂ ಆಗಿದ್ದರೆ ಮೋಸ ಎನ್ನುತ್ತಿದ್ದರು. ಮೇಷ್ಟ್ರ ಕಣ್ಣಲ್ಲಿ ನೀರು ಬಂತು. ಬರೀ ಕಾಗದ ತೋರಿಸಿ ಒಂದು ಊರನ್ನು ಉಳಿಸಿತಲ್ಲ ನನ್ನ ಬ್ಯಾಂಕು ಎಂದು ಹೆಮ್ಮೆಪಟ್ಟು ಚೀಟಿಯನ್ನು ಇದ್ದಲ್ಲೇ ಇಟ್ಟರು. ಆ ಮನುಷ್ಯನ ಭಕ್ತಿಗೆ ಏನೆನ್ನಬೇಕೋ ನನಗಂತೂ ಗೊತ್ತಿಲ್ಲ.

ಆ ಸಾಲಿನಲ್ಲಿ ನಿಂತಿದ್ದ ಅಕ್ಕ ಕಲಿತ ಪಾಠವೇ ಬೇರೆ. "ಅಪ್ಪ, ಬಾಗಿಲ ತನಕ ಬಂದಿದ್ದೀವಿ, ತಗೊಂಡೇ ಹೋಗೋಣ," ಎಂದು ಅವಳು ಅಂದೇ ಹಟ ಹಿಡಿದಿದ್ದಳು. ಅಪ್ಪ ಕೇಳಲಿಲ್ಲ. ಅವಳು ಮುಂದೆಂದೂ ಯಾವ ಬ್ಯಾಂಕಿನ ಮೆಟ್ಟಿಲನ್ನೂ ಹತ್ತಲಿಲ್ಲ. ಅಪ್ಪ ಸತ್ತ ಮೇಲೆ ಹೊಲಿಗೆ ಮಿಷನ್ನು ತುಳಿದು ತಮ್ಮನನ್ನು ಓದಿಸಿದಳು, ಬ್ಯಾಂಕಿನ ಪರೀಕ್ಷೆಗೆ ಹಾಕಿಕೊಂಡು ಹೋಗಲು ಕೋಟು ಹೊಲಿದುಕೊಟ್ಟಳು. ಮದುವೆಯ ಮಾತು ಬಂದಾಗಲೆಲ್ಲ ಅರ್ಜೆಂಟು ಆರ್ಡರಿದೆ ಎನ್ನುತ್ತಿದ್ದಳು. ಬಾಡಿಗೆಗಿದ್ದ ಎರಡು ಕೋಣೆಗಳಲ್ಲಿ ಒಂದರಲ್ಲಿ ಮಿಷನ್ನು, ಇನ್ನೊಂದರಲ್ಲಿ ಅವಳು. ಆ ಎರಡು ಕೋಣೆಗಳನ್ನು ಎಂದಾದರೂ ಕೊಂಡುಕೊಳ್ಳಬೇಕೆಂದು ಮೂವತ್ತೆರಡು ವರ್ಷ ದುಡಿದದ್ದನ್ನೆಲ್ಲ ನೀಲಿ ನೋಟು ಮಾಡಿ, ನೂರಕ್ಕೊಂದು ಕಂತೆ ಕಟ್ಟಿ ಹೊಲಿಗೆ ದಾರ ಸುತ್ತಿ, ಗುಂಡಿಗಳ ತಗಡಿನ ಡಬ್ಬಿಯಲ್ಲಿ ತುಂಬಿದ್ದಳು. ನೀಲಿ ನೋಟು ದೇಶದ ಅತಿ ದೊಡ್ಡ ನೋಟು. ಮನೆಯ ಯಜಮಾನರು ಕೊನೆಗೂ ಮಾರಲು ಒಪ್ಪಿ, ಪತ್ರ ಮಾಡಿಸಲು ಮೂರು ತಿಂಗಳ ಗಡುವು ಕೊಟ್ಟಿದ್ದರು.

"ಬ್ಯಾಂಕಲ್ಲಿಡಕ್ಕ, ಬಡ್ಡಿನಾದ್ರೂ ಬರುತ್ತೆ," ಎಂದು ಮೇಷ್ಟ್ರು ಹಿಂದೆಲ್ಲ ಹೇಳಿದ್ದುಂಟು.

"ಬ್ಯಾಂಕು ನಂಬಲ್ಲ ಕಣೋ. ನೋಟು ನಂಬ್ತೀನಿ. ಅದು ನಿನ್ನ ಆಫೀಸಿಂದು."

ಗಡುವಿನ ಮೊದಲ ವಾರದಲ್ಲೇ ದೊಡ್ಡ ಬ್ಯಾಂಕು ನೀಲಿ ನೋಟನ್ನು ಹಿಂತೆಗೆದುಕೊಂಡಿತು. ಖೋಟಾ ನೋಟು ಹೆಚ್ಚಾಗಿದೆ ಎಂದು ಕಾರಣ ಕೊಟ್ಟರು. ಊರಿನ ಬ್ಯಾಂಕುಗಳಲ್ಲಿ ಒಂದು ತಿಂಗಳು ಬದಲಾಯಿಸಿಕೊಳ್ಳಬಹುದು, ಆಮೇಲೆ ದೊಡ್ಡ ಬ್ಯಾಂಕಿನ ಕೌಂಟರಿನಲ್ಲಿ ಎಂದಿನಂತೆ, ಎಂದು ಪ್ರಕಟಣೆ ಬಂತು. ಆ 'ಎಂದಿನಂತೆ' ಎಂಬ ಮಾತೇ ಮೇಷ್ಟ್ರಿಗೆ ಸಾಕಾಯಿತು. ಮುತ್ತಾತನ ಕಾಲದ ನೋಟು ತಂದವನಿಗೂ ಆ ಕೌಂಟರು ಹಣ ಕೊಟ್ಟಿದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಎಪ್ಪತ್ತೈದು ವರ್ಷಗಳಲ್ಲಿ ತನ್ನದೇ ಒಂದು ನೋಟನ್ನೂ ಅದು ವಾಪಸು ಕಳಿಸಿರಲಿಲ್ಲ.

ತಿಂಗಳ ಕೊನೆಯ ಹಿಂದಿನ ದಿನ ಮೇಷ್ಟ್ರು ಊಟಕ್ಕೆ ಹೊರಗೆ ಬಂದಾಗ, ಎದುರು ರಸ್ತೆಯ ಬ್ಯಾಂಕಿನ ಮುಂದಿನ ಸಾಲಿನಲ್ಲಿ ಅಕ್ಕ ಕಂಡಳು. ಅರವತ್ತಮೂರು ವರ್ಷದವಳು, ಮಂಡಿನೋವಿನವಳು, ಬೆಳಗ್ಗೆ ಆರಕ್ಕೆ ಬಂದು ನಿಂತಿದ್ದಳು. ಬಟ್ಟೆಯ ಚೀಲವನ್ನು ಎದೆಗೆ ಅವಚಿಕೊಂಡಿದ್ದಳು. ಅವಳ ಮುಂದೆ ಇನ್ನು ಹನ್ನೊಂದೇ ಜನ ಇದ್ದರು.

"ಇದೇನಕ್ಕ ನಿನ್ನ ಅವತಾರ! ಬಾ ಈಚೆ."

"ಇನ್ನು ಹನ್ನೊಂದು ಜನ ಕಣೋ. ಮುಗಿಸಿಬಿಡ್ತೀನಿ."

"ನಮ್ಮ ಕೌಂಟರು ಇರುವಾಗ ಇಲ್ಲಿ ಯಾಕೆ ಬಿಸಿಲು ಕಾಯ್ತೀಯ? ಮುಂದಿನ ತಿಂಗಳು ಹದಿನೆಂಟಕ್ಕೆ ಬ್ಯಾಂಕಿನ ಹುಟ್ಟುಹಬ್ಬ. ಗವರ್ನರ್ ಕೈಯಿಂದ ನನಗೆ ಸೇವಾ ಪದಕ ಕೊಡ್ತಾರೆ. ಆವತ್ತು ಮುಂಬಾಗಿಲಿಂದ ಕರ್ಕೊಂಡು ಹೋಗ್ತೀನಿ, ಸೋಫಾದಲ್ಲಿ ಕೂತ್ಕೊಂಡು ಹೊಸ ನೋಟು ಎಣಿಸ್ಕೊ."

"ಅಷ್ಟರೊಳಗೆ ಮುಚ್ಚಿಬಿಟ್ರೆ?"

ಮೇಷ್ಟ್ರು ನಕ್ಕರು. "ನಮ್ಮ ಕೌಂಟರು ಮುಚ್ಚೋದಿಲ್ಲ ಅಕ್ಕ. ದಿನಾ ಅದನ್ನೇ ಹೇಳಿ ಹೊಟ್ಟೆ ಹೊರೆಯೋನು ನಾನು."

ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು, ಒಮ್ಮೆ ತಮ್ಮನ ಕಡೆ ನೋಡಿದಳು. ಮೇಷ್ಟ್ರು ಅವಳ ಕೈ ಹಿಡಿದು ಸಾಲಿನಿಂದ ಹೊರಗೆ ಎಳೆದುಕೊಂಡರು. ಹಿಂದಿದ್ದವನು ಖುಷಿಯಿಂದ ಒಂದು ಹೆಜ್ಜೆ ಮುಂದೆ ಬಂದ. ನಿಜ ಹೇಳಬೇಕೆಂದರೆ ಮೇಷ್ಟ್ರಿಗೆ ಅಕ್ಕನ ಮಂಡಿಯ ಚಿಂತೆ ಅರ್ಧ, ಪದಕ ಹಾಕಿಕೊಂಡು ಅವಳ ಪಕ್ಕದಲ್ಲಿ ನಡೆಯುವ ಆಸೆ ಅರ್ಧ.

ಹುಟ್ಟುಹಬ್ಬ ಸೋಮವಾರವಿತ್ತು. ಹಿಂದಿನ ಶುಕ್ರವಾರ ಸಂಜೆ, ಕಚೇರಿ ಮುಚ್ಚಿದ ಮೇಲೆ ಆದೇಶ ಹೊರಬಿತ್ತು. ಶನಿವಾರ, ಭಾನುವಾರ ಎರಡೂ ದಿನ ಮೇಷ್ಟ್ರು ಕೋಟಿಗೆ ಇಸ್ತ್ರಿ ಹಾಕುತ್ತ, ಭಾಷಣದ ನಾಲ್ಕು ಮಾತು ಬಾಯಿಪಾಠ ಮಾಡುತ್ತ ಕಳೆದರು, ಸುದ್ದಿ ನೋಡಲಿಲ್ಲ. ಸೋಮವಾರ ಬೆಳಗ್ಗೆ ಹಿತ್ತಾಳೆ ಹಿಡಿಯ ಮುಂಬಾಗಿಲನ್ನು ತಾವೇ ತೆರೆದು ಅಕ್ಕನನ್ನು ಒಳಗೆ ಬಿಟ್ಟರು. ಕೌಂಟರಿನ ಗಾಜಿಗೆ ಕಾಗದ ಅಂಟಿಸಿತ್ತು. ಇಂದಿನಿಂದ ನೀಲಿ ನೋಟನ್ನು ಈ ಕೌಂಟರಿನಲ್ಲೂ ಸ್ವೀಕರಿಸಲಾಗುವುದಿಲ್ಲ. ಪ್ರಾಮಾಣಿಕರ ಬಳಿ ಇದ್ದ ನೋಟೆಲ್ಲ ಈಗಾಗಲೇ ಬಂದಿದೆ, ಉಳಿದಿರುವುದು ಕಳ್ಳಹಣವೆಂದು ಭಾವಿಸಲಾಗಿದೆ.

ಅಕ್ಕ ಅದನ್ನು ಎರಡು ಸಲ ಓದಿದಳು. ಆಮೇಲೆ ಮೆಲ್ಲಗೆ ಕೇಳಿದಳು, "ನಾನು ಕಳ್ಳಿನೇನೋ?"

ಗಾಜಿನ ಹಿಂದೆ ಕೂತಿದ್ದ ಮೇಡಂ ಮೇಷ್ಟ್ರ ಜೊತೆಗೇ ಕೆಲಸಕ್ಕೆ ಸೇರಿದವರು. ಅವರು ತಲೆ ಎತ್ತಲಿಲ್ಲ. "ತಗೊಂಡು ನಾನೇನು ಮಾಡಲಿ ಮೇಷ್ಟ್ರೇ? ಅದನ್ನ ಎಂಟ್ರಿ ಮಾಡೋ ಜಾಗಾನೇ ಕಂಪ್ಯೂಟರಿಂದ ತೆಗೆದುಬಿಟ್ಟಿದ್ದಾರೆ."

"ಗವರ್ನರ್ ಸಹಿ ಇದೆಯಲ್ಲ ಇದರ ಮೇಲೆ! ಹೊಣೆ ನನ್ನದು ಅಂತ ಬರೆದಿದೆಯಲ್ಲ!" ಮೇಷ್ಟ್ರ ದನಿ ಹಜಾರದಲ್ಲೆಲ್ಲ ಕೇಳಿಸಿತು. ಹೂವು ಜೋಡಿಸುತ್ತಿದ್ದವರು ತಿರುಗಿ ನೋಡಿದರು.

ಪದಕ ಕೊಡುವಾಗ ಅವರು ಗವರ್ನರ ಕೈ ಬಿಡದೆ, "ಸರ್, ನಮ್ಮಕ್ಕ..." ಎಂದು ಶುರುಮಾಡಿದರು. ಗವರ್ನರು ಮುಗುಳ್ನಕ್ಕು ಕ್ಯಾಮೆರಾ ಕಡೆ ತಿರುಗಿದರು. ಮುಂದಿನ ನಾಲ್ಕು ವಾರ ಮೇಷ್ಟ್ರು ಅರ್ಜಿ ಹಿಡಿದು ಮಹಡಿಯಿಂದ ಮಹಡಿಗೆ ಅಲೆದರು. ಅವರು ಚರಿತ್ರೆ ಹೇಳುತ್ತಿದ್ದ ಬ್ಯಾಂಕು ಆ ಯಾವ ಮಹಡಿಯಲ್ಲೂ ಸಿಗಲಿಲ್ಲ. ಕೊನೆಯ ಮಹಡಿಯ ಸಾಹೇಬರು ಒಳ್ಳೆಯವರು, ಕೂರಿಸಿ ಮಾತಾಡಿದರು. "ಬೇರೆ ಯಾರಾದ್ರೂ ಆಗಿದ್ರೆ ಏನಾದ್ರೂ ಮಾಡಬಹುದಿತ್ತೇನೋ. ನಮ್ಮ ನೌಕರರ ಅಕ್ಕ ಅಂದ್ರೆ ನಾಳೆ ಪೇಪರಿನೋರು ಬಿಡ್ತಾರಾ? ನೀವು ಇಲ್ಲಿ ಕೆಲಸ ಮಾಡೋದೇ ತೊಡಕಾಗಿದೆ ನೋಡಿ."

ಮೇಷ್ಟ್ರು ತಮ್ಮ ಭವಿಷ್ಯ ನಿಧಿಯಿಂದ ಹಣ ತೆಗೆಯಲು ಅರ್ಜಿ ಹಾಕಿದರು. ಎಲ್ಲ ಗೋರಿದರೂ ಕೋಣೆಗಳ ಬೆಲೆಯ ಮೂರರಲ್ಲಿ ಒಂದು ಪಾಲಾಗುತ್ತಿತ್ತು, ಅದೂ ಕೈಗೆ ಬರುವಷ್ಟರಲ್ಲಿ ಗಡುವು ಮುಗಿಯಿತು. ಯಜಮಾನರು ಎರಡು ಕೋಣೆಗಳನ್ನು ಔಷಧಿ ಅಂಗಡಿಯವರಿಗೆ ಮಾರಿದರು.

ಮನೆ ಖಾಲಿ ಮಾಡುವ ದಿನ ಮೇಷ್ಟ್ರು ಹೋದಾಗ ಮಿಷನ್ನು ಆಗಲೇ ಇರಲಿಲ್ಲ. ಅದರ ನಾಲ್ಕು ಕಾಲುಗಳ ಗುರುತು ನೆಲದಲ್ಲಿ ಗುಳಿಬಿದ್ದಿತ್ತು. ಅಕ್ಕ ಗಾರ್ಮೆಂಟ್ ಶೆಡ್ಡೊಂದರಲ್ಲಿ ಗುಂಡಿ ಹಚ್ಚುವ ಕೆಲಸ ಹಿಡಿದಿದ್ದಳು. ಗುಂಡಿಗಿಷ್ಟು ಎಂದು ಕೂಲಿ. ಇರುವುದಕ್ಕೆ ಹೆಂಗಸರ ಹಾಸ್ಟೆಲಿನಲ್ಲಿ ಒಂದು ಮಂಚ.

"ನಮ್ಮನೆಗೆ ಬಾ ಅಕ್ಕ. ಕಾಲಿಗೆ ಬೀಳ್ತೀನಿ."

"ಬೇಡ ಕಣೋ. ದಿನಾ ನಿನ್ನ ಮುಖ ನೋಡ್ತಾ ಇದ್ರೆ, ಒಂದಲ್ಲ ಒಂದು ದಿನ ಬಾಯಿಗೆ ಬಂದದ್ದು ಅಂದುಬಿಡ್ತೀನಿ."

ಮೇಷ್ಟ್ರು ಜೇಬಿನಿಂದ ಹೊಸ ನೋಟುಗಳನ್ನು ತೆಗೆದು ಅವಳ ಕೈಯಲ್ಲಿಡಲು ಹೋದರು. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ನೋಟು ಕಂಡ್ರೆ ಭಯ ಆಗುತ್ತೆ. ಇಟ್ಕೋ." ತಗಡಿನ ಡಬ್ಬಿಯನ್ನು ತಂದು ಅವರ ಮುಂದಿಟ್ಟಳು. "ಇದನ್ನೂ ತಗೊಂಡು ಹೋಗು. ಒಲೆಗೆ ಹಾಕೋಕೆ ನನ್ನ ಕೈಲಿ ಆಗಲಿಲ್ಲ. ನಿನ್ನ ಗಾಜಿನ ಪೆಟ್ಟಿಗೆಯಲ್ಲಿಡು. ಅಲ್ಲಾದ್ರೂ ನಾಲ್ಕು ಜನ ನೋಡ್ತಾರೆ."

ಅವರು ಅಳುತ್ತಿದ್ದರು. ಅಕ್ಕ ಅಳಲಿಲ್ಲ. ಬಾಗಿಲಿಗೆ ಬಂದಾಗ, "ಅಪ್ಪನೂ ನೀನೂ ಒಂದೇ," ಎಂದಳು. ಬೈದದ್ದು ಅಷ್ಟೇ.

ಮ್ಯೂಸಿಯಮ್ಮಿನಲ್ಲಿ ಆಗ ನೀಲಿ ನೋಟಿಗೆಂದು ಹೊಸ ಪೆಟ್ಟಿಗೆ ತಯಾರಾಗುತ್ತಿತ್ತು. ಬ್ಯಾಂಕಿಗೆ ಬಂದ ನೋಟುಗಳನ್ನೆಲ್ಲ ಯಂತ್ರ ಚೂರು ಮಾಡಿತ್ತು, ಇಡಲು ನೋಟಿರಲಿಲ್ಲ. ಮೇಷ್ಟ್ರು ಅಕ್ಕನ ಕಂತೆಗಳನ್ನು ಜೋಡಿಸಿದರು. ದಾರ ಬಿಚ್ಚಲು ಮನಸ್ಸಾಗಲಿಲ್ಲ. ನಾಲ್ಕನೇ ಪೆಟ್ಟಿಗೆಯ ಕಥೆಯಲ್ಲಿ ಕಿಟಕಿಯೊಳಗೆ ಒಟ್ಟಿದಂತೆಯೇ ತಾವೂ ಗೋಡೆಯ ಹಾಗೆ ಒಟ್ಟಿದ್ದೇವೆ ಎಂಬುದು ಗಾಜು ಮುಚ್ಚಿದ ಮೇಲೆ ಅವರಿಗೆ ಹೊಳೆಯಿತು. ಪಕ್ಕದ ಫಲಕಕ್ಕೆ ನಾಲ್ಕು ಸಾಲು ಬರೆದುಕೊಡುವಂತೆ ಸಾಹೇಬರು ಹೇಳಿದ್ದರು. ಕೊನೆಯ ಸಾಲು ಏನಿರಬೇಕೆಂದೂ ಅವರೇ ಹೇಳಿದ್ದರು. ನಿವೃತ್ತಿಗೆ ಎರಡು ವರ್ಷವಿತ್ತು, ಮೇಷ್ಟ್ರು ಬರೆದುಕೊಟ್ಟರು: ಸಾರ್ವಜನಿಕರಿಗೆ ಸಾಕಷ್ಟು ಕಾಲಾವಕಾಶ ನೀಡಲಾಗಿತ್ತು.

ಪೆಟ್ಟಿಗೆ ತೆರೆದ ಮರುದಿನ ಹೊಸದಾಗಿ ಕೆಲಸಕ್ಕೆ ಸೇರಿದ ಗುಮಾಸ್ತರ ತಂಡ ಬಂತು. ಮೇಷ್ಟ್ರು ಸಾಹುಕಾರರ ನೋಟು ತೋರಿಸಿದರು, ಗವರ್ನರ ಸಹಿ ತೋರಿಸಿದರು, ವ್ಯಾನು ಬಂದ ಕಥೆ ಹೇಳಿದರು. ದನಿಯಲ್ಲಿ ಜೀವವಿರಲಿಲ್ಲ, ಆದರೂ ಒಂದು ಪದವೂ ತಪ್ಪಲಿಲ್ಲ. ಹೊಸ ಪೆಟ್ಟಿಗೆಯ ಮುಂದೆ ನಿಂತಾಗ ಒಬ್ಬ ಹುಡುಗಿ ಬಗ್ಗಿ ನೋಡಿ ಕೇಳಿದಳು.

"ಸರ್, ಒಳಗೆಲ್ಲ ನಿಜವಾದ ನೋಟೇನಾ? ಇಲ್ಲ ಮೇಲೊಂದು ನೋಟಿಟ್ಟು ನಡುವೆ ಬರೀ ಕಾಗದಾನಾ?"

ಮೇಷ್ಟ್ರು ನಾಲ್ಕನೇ ಪೆಟ್ಟಿಗೆಯ ಕಡೆ ಒಮ್ಮೆ ನೋಡಿದರು.

"ಎಲ್ಲಾ ನೋಟೇ ಅಮ್ಮ. ಒಂದೂ ಕಾಗದ ಇಲ್ಲ."

"ಅಬ್ಬಾ! ಹಾಗಾದ್ರೆ ಇದರ ಬೆಲೆ ಎಷ್ಟಾಗುತ್ತೆ ಸರ್?"

"ಎರಡು ಕೋಣೆ," ಎಂದರು ಮೇಷ್ಟ್ರು. "ಒಂದರಲ್ಲಿ ಹೊಲಿಗೆ ಮಿಷನ್ನು."

ಮೇಷ್ಟ್ರು ತಮಾಷೆ ಮಾಡುತ್ತಾರೆಂದು ಆ ಹುಡುಗಿಗೆ ಮೊದಲೇ ಯಾರೋ ಹೇಳಿದ್ದರು. ಅವಳು ನಕ್ಕಳು, ಜೊತೆಯವರೂ ನಕ್ಕರು, ನಗುತ್ತಲೇ ಫಲಕದ ಮೇಲಿದ್ದದ್ದನ್ನು ತಮ್ಮ ಪುಸ್ತಕಗಳಲ್ಲಿ ಬರೆದುಕೊಳ್ಳತೊಡಗಿದರು.