ನೋಟ್ಸಿನ ಮೊದಲ ಸಾಲು

ಚಾಮರಾಜನಗರದಲ್ಲಿ ಕಂಪ್ಯೂಟರ್ ಪಾಠ ಹೇಳುವ ಮೃತ್ಯುಂಜಯ ಮೇಷ್ಟ್ರಿಗೆ ಒಂದು ಗೀಳು. ಕಂಪ್ಯೂಟರ್ ಸರ್ವರ್ ಅನ್ನು ಇಂಟರ್ನೆಟ್ ಕಳ್ಳರಿಂದ ಕಾಯುವುದು ಹೇಗೆ ಅಂತ ಕನ್ನಡದಲ್ಲಿ ನೋಟ್ಸ್ ಬರೆದು, ಕೋಡ್ ಸಮೇತ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಎಲ್ಲಾ ಪುಕ್ಕಟೆ. ಪುಕ್ಕಟೆ ಕೊಡುವವರಿಗೆ ಬೈಯುವ ಹಕ್ಕೂ ಜೊತೆಗೇ ಬಂದುಬಿಡುತ್ತದೆ, ನೋಡಿ.

ಒಂದು ಸೋಮವಾರ ಗುಂಡ್ಲುಪೇಟೆಯ ಹೂವಿನ ಮಂಡಿಯಿಂದ ಮೆಹರುನ್ನಿಸಾ ಬರೆದಳು. ಮಂಡಿಯ ಸರ್ವರ್ ನೋಡಿಕೊಳ್ಳುವವಳು ಅವಳೇ. ದಿನಾ ಬೆಳಗ್ಗೆ ಮನೆಯಿಂದಲೇ ಅದರೊಳಗೆ ಹೋಗಿ ಚೆಂಡುಹೂವಿನ ದರ ಹಾಕುತ್ತಿದ್ದಳು.

"ಸರ್, ನಿಮ್ಮ ನೋಟ್ಸಲ್ಲಿದ್ದಂಗೇ ಹಾಕ್ದೆ. ಈಗ ನನ್ನೇ ಒಳಕ್ಕೆ ಬುಡ್ತಿಲ್ಲ. ನಿನ್ನೆ ದರನೇ ನಿಂತದೆ."

ಮೇಷ್ಟ್ರು ಇಡೀ ಗುಂಪಿನ ಎದುರು ಜಾಡಿಸಿದರು: "ನಾನು ಬರೆದಂಗೆ ಹಾಕಿದ್ರೆ ಹಿಂಗಾಗಲ್ಲ. ಏನೋ ತಿದ್ದಿದ್ದೀರ. ಗೊತ್ತಿಲ್ಲದೋರು ಸರ್ವರ್ ಮುಟ್ಟಬಾರದು."

"ಒಂದಕ್ಷರಾನೂ ಮುಟ್ಟಿಲ್ಲ ಸರ್" ಅಂದಳು. ಅದಕ್ಕೆ ಯಾರೋ ನಗುವ ಮುಖ ಹಾಕಿದರು. ಮೇಷ್ಟ್ರೂ ಒಂದು ಹಾಕಿದರು.

ಮಂಡಿಯ ಯಜಮಾನ ನೀಲಕಂಠಸ್ವಾಮಿಯೂ ಆ ಗುಂಪಿನಲ್ಲಿದ್ದ. ಮೇಷ್ಟ್ರಿಗೆ ಫೋನ್ ಮಾಡಿದ. "ನೀವೇ ಬಂದು ಸರಿಮಾಡ್ಕೊಡಿ ಸರ್. ಆ ಹುಡ್ಗೀನ ಇವತ್ತೇ ಕೆಲ್ಸದಿಂದ ತೆಗ್ದುಬುಡ್ತೀನಿ." ಮೇಷ್ಟ್ರು ಬೀಗುತ್ತಲೇ ಬಸ್ಸು ಹತ್ತಿದರು.

ಮಂಡಿಯ ಹಿಂದಿನ ಕೋಣೆಯಲ್ಲಿ, ಹೂವಿನ ಮೂಟೆಗಳ ನಡುವೆ ಸರ್ವರ್ ಇತ್ತು. ಮೆಹರುನ್ನಿಸಾ ಗೋಡೆಗೆ ಒರಗಿ ನಿಂತಿದ್ದಳು. ಅತ್ತು ಕೆಂಪಾದ ಕಣ್ಣು. ಮೇಷ್ಟ್ರು ಪರದೆ ಜೋಡಿಸಿ ಅವಳು ಕೋಡ್ ಹಾಕಿದ್ದ ಫೈಲ್ ತೆರೆದರು. ಎಲ್ಲಕ್ಕಿಂತ ಮೇಲೆ ಇತ್ತು: ಶ್ರೀ ಮಹದೇಶ್ವರ ಪ್ರಸನ್ನ.

ಮೇಷ್ಟ್ರ ಮನೆಯಲ್ಲಿ ಹಾಳೆಯ ಮೇಲ್ತುದಿಯಲ್ಲಿ ದೇವರ ಹೆಸರಿಲ್ಲದೆ ಯಾರೂ ಒಂದು ಚೀಟಿಯನ್ನೂ ಬರೆಯುವುದಿಲ್ಲ. ನೋಟ್ಸಿಗೂ ಹಾಗೇ ಬರೆದಿದ್ದರು. ಕೋಡ್ ಎತ್ತಿಕೊಳ್ಳುವಾಗ ತಾವು ಮಾತ್ರ ಎರಡನೇ ಸಾಲಿನಿಂದ ಶುರುಮಾಡುತ್ತಿದ್ದರು. ಬೇರೆಯವರಿಗೆ ಅದನ್ನು ಹೇಳಬೇಕು ಅಂತ ಅನ್ನಿಸಿಯೇ ಇರಲಿಲ್ಲ. ಸರ್ವರ್‌ಗೆ ಎಲ್ಲಿಯ ಭಕ್ತಿ? ಅರ್ಥವಾಗದ ಸಾಲು ಕಂಡ ಕೂಡಲೇ ಬಾಗಿಲು ಹಾಕಿಕೊಂಡಿತ್ತು.

"ಈ ಸಾಲು ಯಾಕೆ ತೆಗೀಲಿಲ್ಲಮ್ಮ?" ಅಂದರು ಮೇಷ್ಟ್ರು.

"ನಿಮ್ಮ ದೇವ್ರ ಎಸ್ರು ಅಲ್ವಾ ಸರ್" ಅಂದಳು. "ನಾನೆಂಗೆ ಅಳಿಸ್ಲಿ?"

ಮೇಷ್ಟ್ರಿಗೆ ನಾಚಿಕೆಯಾಯಿತು. ಸಾಮಾನ್ಯ ನಾಚಿಕೆಯಲ್ಲ, ಭೂಮಿ ಬಾಯಿಬಿಡಬಾರದೇ ಅನ್ನುವಂಥದ್ದು. ತಾವು ಹಾಕಿದ ಆ ನಗುವ ಮುಖ ನೆನಪಾಗಿ ಕಿವಿ ಬಿಸಿಯಾದವು. ಸಾಲು ಅಳಿಸಿದರು. ಸರ್ವರ್ ಎದ್ದಿತು.

"ತಪ್ಪು ನಂದು, ಸ್ವಾಮಿ. ಅವಳದ್ದೇನೂ ಇಲ್ಲ" ಅಂದರು.

ನೀಲಕಂಠಸ್ವಾಮಿ ನಕ್ಕ. "ಹೆಣ್ಮಗ ಅಂತ ಕಾಪಾಡ್ತಿದೀರ. ದೊಡ್ಡ ಮನ್ಸು ಸರ್ ನಿಮ್ದು. ಆದ್ರೂ ನಾಳಿಂದ ಇವ್ಳು ಬ್ಯಾಡ."

ಹೊಗಳಿಕೆ ಅಷ್ಟು ಕಹಿಯಾಗಿರುತ್ತದೆ ಅಂತ ಮೇಷ್ಟ್ರಿಗೆ ಗೊತ್ತಿರಲಿಲ್ಲ. ಮತ್ತೆ ಕೂತರು. ತಮ್ಮ ಫೋನಿನಲ್ಲಿ ಆ ನೋಟ್ಸ್ ತೆರೆದು ಯಜಮಾನನ ಕೈಗೆ ಕೊಟ್ಟರು. "ಮೊದಲ ಸಾಲು ಓದಿ, ಜೋರಾಗಿ." ಅವನು ಓದಿದ. ಮೇಷ್ಟ್ರು ಅದನ್ನೇ ಸರ್ವರಿನಲ್ಲಿ ಬರೆದು ಚಾಲೂ ಮಾಡಿದರು. ಸರ್ವರ್ ಏಳಲಿಲ್ಲ, ಪರದೆಯ ಮೇಲೆ ದೋಷ ಬಂತು. ಮಂಡಿಯ ಕೂಲಿಗಳೂ ಬಾಗಿಲಲ್ಲಿ ಬಂದು ನಿಂತಿದ್ದರು.

"ಕೆಡಿಸಿದ್ದು ಈ ಕೈ. ಇವಳು ನಾನು ಬರೆದಂಗೇ ಹಾಕಿದ್ಲು. ತೆಗೆಯೋದಾದ್ರೆ ನನ್ನ ನೋಟ್ಸ್ ತೆಗೀರಿ, ಇವಳನ್ನಲ್ಲ."

ಯಜಮಾನ ಫೋನ್ ನೋಡಿದ, ಪರದೆ ನೋಡಿದ. ನಗು ಹೋಗಿತ್ತು. "ನಾಳೆ ದರ ಬೇಗ್ನೆ ಹಾಕ್ಬುಡಮ್ಮ" ಅಂತ ಮೆಹರುನ್ನಿಸಾಗೆ ಹೇಳಿ ಹೊರಗೆ ನಡೆದ.

ಮೇಷ್ಟ್ರು ಎದ್ದು ಅವಳಿಗೆ ಕುರ್ಚಿ ಬಿಟ್ಟುಕೊಟ್ಟರು. "ಈಗ ಆ ಸಾಲು ನೀವೇ ತೆಗೀರಿ."

ಅವಳು ಕೂರಲಿಲ್ಲ.

"ಬರ್ದೋರು ನೀವು. ನೀವೇ ಅಳ್ಸಿ ಸರ್" ಅಂದಳು. "ಆಮ್ಯಾಲೆ ಗುಂಪಲ್ಲಿ ನಂಗೆ ಬೈದು ಬರ್ದಿದ್ದನ್ನೂವೆ."