ಕ್ಯಾಮೆರಾಗೆ ಬೆನ್ನು

ವಾರ್ಡಿನ ದೊಡ್ಡ ಸಿಸ್ಟರಿಗೆ ತಲೆ ಚಿಟ್ಟು ಹಿಡಿದುಹೋಗಿತ್ತು. ದೂರಶಿಕ್ಷಣದಲ್ಲಿ ನರ್ಸಿಂಗ್ ಓದುವವರಿಗೆ ಆಸ್ಪತ್ರೆಯ ಕೆಲಸ ಕಲಿಸುವ ಹೊಣೆ ಈ ಸಲ ಅವರ ಕುತ್ತಿಗೆಗೆ ಬಿದ್ದಿತ್ತು. ಬಂದವಳು ಎರಡು ಮಕ್ಕಳ ತಾಯಿ. ವಾರ್ಡಿನವರು ಇಟ್ಟ ಹೆಸರು ವಿಡಿಯೋ ಸಿಸ್ಟರ್. ಬುದ್ಧಿವಂತೆ, ಇಲ್ಲ ಎನ್ನುವಂತಿಲ್ಲ. ಆದರೆ ಮನೆಯಲ್ಲಿ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟು, ದಿಂಬಿಗೆ ಬ್ಯಾಂಡೇಜ್ ಸುತ್ತಿ, ಫೋನಿನಲ್ಲೇ ಪಾಠ ಮಾಡುವ ಮೇಡಂಗೆ ತೋರಿಸಿ ತೋರಿಸಿ ಅವಳಿಗೆ ಒಂದು ಚಾಳಿ ಅಂಟಿಕೊಂಡಿತ್ತು. ಯಾವ ಮಂಚದ ಹತ್ತಿರ ಹೋದರೂ ರೋಗಿಗೆ ಬೆನ್ನು ಹಾಕಿ, ಇಲ್ಲದ ಕ್ಯಾಮೆರಾ ಕಡೆ ತಿರುಗಿ, "ಈಗ ನಾನು ಗ್ಲೌಸ್ ಹಾಕಿಕೊಳ್ಳುತ್ತೇನೆ" ಎಂದು ಗಿಣಿಪಾಠ ಒಪ್ಪಿಸುತ್ತಿದ್ದಳು.

"ಅಲ್ಲ ಕಣೇ, ಗೋಡೆಗ್ಯಾಕೆ ಹೇಳ್ತೀಯ? ನೋವು ಗೋಡೆಗಾ? ಅವರ ಮುಖ ನೋಡು, ಮುಖ!" ದೊಡ್ಡ ಸಿಸ್ಟರ್ ದಿನಾ ಗಂಟಲು ಹರಿದುಕೊಂಡದ್ದಷ್ಟೇ ಬಂತು.

ಇವತ್ತು ಕೊನೆಯ ಪರೀಕ್ಷೆ. ಪಾಸಾದರೆ ಇದೇ ವಾರ್ಡಿನಲ್ಲಿ ಕೆಲಸ. ಫೇಲಾದರೆ ಇನ್ನೊಂದು ವರ್ಷ. ಆದರೆ ಗಂಡ "ಇದೇ ಕೊನೆ ಸಲ" ಎಂದು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಪರೀಕ್ಷಕಿ ಎಲ್ಲೋ ಕೂತು ಫೋನಿನಲ್ಲಿ ನೋಡುತ್ತಿದ್ದರು. ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನನ್ನು ಯಾರೂ ಅಲುಗಾಡಿಸುವಂತಿಲ್ಲ, ಕೆಲಸ ಮಾಡುವ ಕೈ ಅದಕ್ಕೆ ಮರೆಯಾಗುವಂತಿಲ್ಲ.

ಕಾಲಿಗೆ ಗಾಯವಾಗಿದ್ದ ಮುದಿ ಡ್ರೈವರು ಮಂಚದಲ್ಲಿ ಒರಗಿ ಕೂತಿದ್ದ. ವಿಡಿಯೋ ಸಿಸ್ಟರ್ ಹಳೆಯ ಬ್ಯಾಂಡೇಜ್ ಅರ್ಧ ಬಿಚ್ಚಿದ್ದಳು, ಏನನ್ನಿಸಿತೋ, ತಿರುಗಿ ಅವನ ಮುಖ ನೋಡಿದಳು. ಹಣೆಯೆಲ್ಲ ಬೆವರು, ತುಟಿ ಬಿಳಿಚಿತ್ತು. ತಕ್ಷಣ ಬೆನ್ನಿನ ದಿಂಬು ಎಳೆದು ಮಲಗಿಸಿ, ಅವನ ಮೇಲೆ ಬಗ್ಗಿ, "ತಾತಾ, ನನ್ನ ಕಡೆ ನೋಡಿ. ನಿಧಾನಕ್ಕೆ ಉಸಿರು ಬಿಡಿ," ಎಂದಳು.

"ಕೈ ಕಾಣಿಸ್ತಿಲ್ಲ! ಈ ಕಡೆ ತಿರುಗಿ!" ಫೋನು ಕೂಗಿತು. ಅವಳು ತಿರುಗಲಿಲ್ಲ.

"ಮೇಡಂ, ಪೇಷಂಟಿಗೆ ತಲೆ ಸುತ್ತು ಬಂದಿದೆ!" ಅವನ ಕಾಲೆತ್ತಿ ಹಿಡಿಯುತ್ತಾ ದೊಡ್ಡ ಸಿಸ್ಟರೂ ಕೂಗಿದರು.

"ಕಾಣದ್ದಕ್ಕೆ ನಾನು ಮಾರ್ಕ್ಸ್ ಕೊಡೋಕಾಗಲ್ಲ. ಫೇಲ್." ಕರೆ ಕಟ್ಟಾಯಿತು.

ಡ್ರೈವರನ ಮುಖಕ್ಕೆ ಮೆಲ್ಲಗೆ ಕಳೆ ಬಂತು. ದೊಡ್ಡ ಸಿಸ್ಟರ್ ಫೋನನ್ನು ಕಿತ್ತುಕೊಂಡು ಬಾಯಿಗೆ ಬಂದಂತೆ ಬೈದರು. ಆ ಕಡೆ ಕೇಳುವವರೇ ಇರಲಿಲ್ಲ.

ವಿಡಿಯೋ ಸಿಸ್ಟರ್ ಇನ್ನೂ ಅವನ ಕೈ ಬಿಟ್ಟಿರಲಿಲ್ಲ. "ಅಕ್ಕಾ, ನೀವು ಹೇಳಿದ ಹಾಗೇ ತಾನೆ ಮಾಡಿದ್ದು?"

"ಹೂಂ ಕಣೇ," ಎಂದರು ದೊಡ್ಡ ಸಿಸ್ಟರ್. ಸಿಟ್ಟಿಗೋ ಸಂಕಟಕ್ಕೋ ಕಣ್ಣು ತುಂಬಿತ್ತು. "ಇಷ್ಟು ದಿನ ಕೇಳದ ನನ್ನ ಮಾತನ್ನ ಇವತ್ತೇ ಕೇಳ್ಬೇಕಿತ್ತಾ?"