ಪಕ್ಕದ ಸೀಟಿನ ಹದಿನಾಲ್ಕು ಸೆಕೆಂಡು

ಆ ಗಾಡಿಯನ್ನು ಯಾರಾದರೂ ‘ಹಳೇ ಗಾಡಿ’ ಎಂದರೆ ಸಾಕು, ಅಕ್ಕನಿಗೆ ಮೈಯೆಲ್ಲ ಉರಿದುಹೋಗುತ್ತಿತ್ತು. ಹನ್ನೊಂದು ವರ್ಷ ಅದರ ಪಕ್ಕದ ಸೀಟಿನಲ್ಲಿ ಕೂತು, ತೊಡೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು, ಮುಂದೆ ಬರುವ ತಿರುವುಗಳನ್ನು ತಂಗಿಗೆ ಓದಿ ಹೇಳುತ್ತಿದ್ದವಳು ಅವಳು. ಓಡಿಸುವವಳು ತಂಗಿ. ಎಂಜಿನ್ ಕಟ್ಟಿದವನು ಚಿಕ್ಕಪ್ಪ. ಒಂದೇ ಮನೆಯ ಮೂವರು ಒಂದೇ ರ‍್ಯಾಲಿ ತಂಡದಲ್ಲಿದ್ದರೆ ಆ ಮನೆಯ ಗತಿ ಏನಾಗಬೇಕು? ಊಟಕ್ಕೆ ಕೂತರೂ ಟೈರು, ಗೇರು, ಬ್ರೇಕು ಬಿಟ್ಟು ಬೇರೆ ಮಾತಿಲ್ಲವೆಂದು ಚಿಕ್ಕಮ್ಮ ತಟ್ಟೆಗಳನ್ನು ಕುಕ್ಕಿಯೇ ಬಡಿಸುತ್ತಿದ್ದಳು.

ಈಗ ತಂಡದ ಮಾಲೀಕರು ಹೊಸದೊಂದು ಟರ್ಬೊ ಗಾಡಿ ತಂದು ವರ್ಕ್‌ಶಾಪಿನ ಮಧ್ಯೆ ನಿಲ್ಲಿಸಿದ್ದರು. ಎರಡೆರಡು ಗಾಡಿ ಸಾಕುವುದು ತಮ್ಮಿಂದಾಗದು, ಮುಂದಿನ ವರ್ಷದ ರ‍್ಯಾಲಿಗಳೆಲ್ಲ ಡಾಂಬರು ರಸ್ತೆಯ ಮೇಲೆಯೇ ಇವೆ, ಆದ್ದರಿಂದ ಡಾಂಬರಿನ ಮೇಲೆ ಎರಡನ್ನೂ ಓಡಿಸಿ ನೋಡುವುದು, ಸೋತದ್ದನ್ನು ಮಾರಿಬಿಡುವುದು ಎಂದು ತೀರ್ಮಾನಿಸಿಯೂ ಬಿಟ್ಟಿದ್ದರು.

“ಸೋಲೋದು ಆ ಟರ್ಬೊನೇ, ಬರೆದಿಟ್ಕೊಳಿ,” ಎಂದಳು ಅಕ್ಕ. “ಟರ್ಬೊ ಅಂದ್ರೆ ಏನು ಮಹಾ? ಹೊಗೆ ಹೋಗೋ ದಾರೀಲಿ ಒಂದು ಫ್ಯಾನು. ಅದು ತಿರುಗಬೇಕು, ಗಾಳಿ ತುರುಕಬೇಕು, ಆಮೇಲೆ ಶಕ್ತಿ. ತಿರುವು ಮುಗಿಸಿ ಕಾಲೊತ್ತಿದ್ರೆ ‘ತಾಳಮ್ಮ, ಬಂದೆ’ ಅನ್ನತ್ತೆ. ನಮ್ಮದು ತಾನೇ ಉಸಿರೆಳ್ಕೊಳ್ಳೋ ಎಂಜಿನ್. ಒತ್ತಿದ ತಕ್ಷಣ ಹೊರಟಿರತ್ತೆ.”

“ಈಗಿನ ಟರ್ಬೊಗಳು ಅಷ್ಟೊಂದು ತಡ ಮಾಡಲ್ಲ ಕಣೇ,” ಎಂದ ಚಿಕ್ಕಪ್ಪ. “ನೇರ ರಸ್ತೇಲಿ ನಮಗೆ ಸಿಗೋದೇ ಇಲ್ಲ. ಆದ್ರೆ ಮೂತಿ ಭಾರ. ತಿರುವು ಜಾಸ್ತಿ ಇದ್ರೆ ಮುಂದಿನ ಟೈರು ಬೇಗ ಸುಸ್ತಾಗತ್ತೆ. ನಮ್ಮ ಗಾಡಿಗೆ ಅಲ್ಲೇ ಇರೋದು ಜೀವ.”

ಚಿಕ್ಕಪ್ಪ ದೊಡ್ಡ ಮಾತಾಡುವವನಲ್ಲ. ಆದರೆ ಅವನ ಕಣ್ಣು ಹಳೇ ಗಾಡಿಯ ಮೇಲೆಯೇ ಇತ್ತು. ಆ ಎಂಜಿನ್ನಿನ ಒಂದೊಂದು ಬೋಲ್ಟನ್ನೂ ಕೈಯಾರೆ ಬಿಗಿದವನು ಅವನು. ಅದನ್ನು ಮಾರಿದರೆ ಅವನು ನಗುವುದನ್ನೇ ಮರೆತಾನು ಎಂದು ಅಕ್ಕನಿಗೆ ಗೊತ್ತಿತ್ತು. ಏನೇ ಆಗಲಿ ಈ ಗಾಡಿ ಕೈಬಿಟ್ಟು ಹೋಗಲು ಬಿಡೆನೆಂದು ಅವಳು ಮನಸ್ಸಿನಲ್ಲೇ ಹಟ ತೊಟ್ಟಳು.

ಓಟಕ್ಕೆ ಆರಿಸಿದ್ದು ಅವರು ದಿನವೂ ಅಭ್ಯಾಸ ಮಾಡುವ ಗುಡ್ಡದ ರಸ್ತೆ. ಬುಡದಿಂದ ತುದಿಯವರೆಗೆ ಎಂಟು ಕಿಲೋಮೀಟರು, ನಲವತ್ತೊಂದು ತಿರುವು, ಒಳ್ಳೆಯ ಡಾಂಬರು. ಬೆಳಿಗ್ಗೆ ಎರಡೂ ಕಡೆ ರಸ್ತೆ ಮುಚ್ಚಿಸಿದರು. ಎರಡೂ ಗಾಡಿಗೆ ಒಂದೇ ಬಗೆಯ ಹೊಸ ಟೈರು, ಅಳೆದು ಹಾಕಿದ ಪೆಟ್ರೋಲು. ತೊಡಕಾದದ್ದು ಒಂದೇ ಕಡೆ: ಟರ್ಬೊದ ಪಕ್ಕದ ಸೀಟಿನ ಬೆಲ್ಟು ಇನ್ನೂ ಬಂದಿರಲಿಲ್ಲ. ಬೆಲ್ಟಿಲ್ಲದೆ ಯಾರನ್ನೂ ಕೂರಿಸುವಂತಿಲ್ಲ. ಹಾಗೆಂದು ಆ ಸೀಟು ಖಾಲಿ ಬಿಟ್ಟರೆ ಟರ್ಬೊ ಹಗುರಾಗಿ ಮೋಸವಾಗುತ್ತದೆ. ಚಿಕ್ಕಪ್ಪ ಅಕ್ಕನನ್ನು ಹೆಲ್ಮೆಟ್ಟಿನ ಸಮೇತ ತಕ್ಕಡಿಗೆ ಹತ್ತಿಸಿದ.

“ಅರವತ್ತಾರು ಕೆಜಿ!” ಎಂದು ತಂಗಿ ಎಲ್ಲರಿಗೂ ಕೇಳುವಂತೆ ಕೂಗಿದಳು. “ಹೆಲ್ಮೆಟ್ ಒಂದೂವರೆ. ಉಳಿದದ್ದೆಲ್ಲ ನಮ್ಮಕ್ಕನ ಜ್ಞಾನ!”

ಅಕ್ಕ ಅವಳ ಬೆನ್ನಿಗೊಂದು ಗುದ್ದಿದಳು. ಅರವತ್ತಾರು ಕೆಜಿ ಮರಳನ್ನು ಚೀಲಗಳಲ್ಲಿ ತುಂಬಿ ಟರ್ಬೊದ ಸೀಟಿಗೆ ಹಗ್ಗ ಹಾಕಿ ಕಟ್ಟಿದರು. ಎರಡೂ ಗಾಡಿ ಓಡಿಸುವವಳು ತಂಗಿಯೇ. ಅವಳಿಗೆ ಈ ರಸ್ತೆ ಬಾಯಿಪಾಠ, ಓದುವವರಿಲ್ಲದೆಯೂ ಓಡಿಸಬಲ್ಲಳು. ಓದುವವರಿದ್ದರೆ ಇನ್ನೂ ಚೆನ್ನ, ಅದು ಹಳೇ ಗಾಡಿಗೆ ಸಿಗುವ ಲಾಭ ಎಂದುಕೊಂಡು ಅಕ್ಕ ಒಳಗೊಳಗೇ ಬೀಗಿದಳು.

ಟರ್ಬೊ ಮೊದಲು ಹೋಯಿತು. ಐದು ನಿಮಿಷ ಐವತ್ತೆರಡು ಸೆಕೆಂಡು.

ಆಮೇಲೆ ಹಳೇ ಗಾಡಿ. ಅಕ್ಕ ಹೆಲ್ಮೆಟ್ ಬಿಗಿದು, ನೋಟ್‌ಬುಕ್ ತೆರೆದು ಕೂತಳು. ಅವಳದು ಬೇರೆಯೇ ಕ್ರಮ. ತಲೆಯೆತ್ತಿ ರಸ್ತೆ ನೋಡುತ್ತಿರಲಿಲ್ಲ. ಎಂಜಿನ್ನಿನ ಕೂಗು ಏರುತ್ತ ಏರುತ್ತ ತುದಿ ಮುಟ್ಟಿದ ಗಳಿಗೆಗೆ ಮುಂದಿನ ತಿರುವನ್ನು ಹೇಳುತ್ತಿದ್ದಳು. “ಎಡ ಮೂರು, ಬಿಗಿ.” “ಬಲ ಐದು, ಉದ್ದ.” ಅಂಕೆ ಚಿಕ್ಕದಾದಷ್ಟೂ ತಿರುವು ಕಡಿದು. ಅವಳ ಕಿವಿ ಗಡಿಯಾರದಂತೆ ಎಂದು ತಂಡದವರೆಲ್ಲ ಹೊಗಳುತ್ತಿದ್ದರು. ಅವತ್ತೂ ಒಂದು ಸಾಲು ತಪ್ಪಲಿಲ್ಲ, ಒಂದು ಪುಟ ಅಂಟಲಿಲ್ಲ. ಗುಡ್ಡದ ತುದಿ ದಾಟಿದಾಗ ಗೆದ್ದೆವೆಂದೇ ಅಂದುಕೊಂಡು ತಂಗಿಯ ತೋಳು ಹಿಂಡಿದಳು.

“ಆರು ನಿಮಿಷ ಒಂದು ಸೆಕೆಂಡು,” ಎಂದ ತುದಿಯಲ್ಲಿ ಕಾಯುತ್ತಿದ್ದ ಚಿಕ್ಕಪ್ಪ.

“ಏನು?”

ಚಿಕ್ಕಪ್ಪ ಸ್ಟಾಪ್‌ವಾಚನ್ನು ಅವಳ ಮುಖದ ಮುಂದೆ ಹಿಡಿದ. ಒಂದೆರಡಲ್ಲ, ಒಂಬತ್ತು ಸೆಕೆಂಡು! ನಲವತ್ತೊಂದು ತಿರುವಿನ ಡಾಂಬರಿನ ಮೇಲೆ, ತಿರುವಿಗೆಂದೇ ಹುಟ್ಟಿದ ಗಾಡಿ ಒಂಬತ್ತು ಸೆಕೆಂಡು ಹಿಂದೆ ಬೀಳುವುದೆಂದರೆ ಏನು? ಕೆಳಗಿದ್ದ ಮಾಲೀಕರು ವಾಕಿಟಾಕಿಯಲ್ಲಿ ಲೆಕ್ಕ ಕೇಳಿ, ಸರಿ ಹಾಗಾದರೆ, ಹಳೇದನ್ನು ಕೊಳ್ಳುವವರಿಗೆ ಹೇಳಿಕಳಿಸುತ್ತೇನೆ ಎಂದರು.

“ಆಗಲ್ಲ!” ಅಕ್ಕ ವಾಕಿಟಾಕಿ ಕಸಿದುಕೊಂಡಳು. “ಇದು ಸರಿಯಾದ ಹೋಲಿಕೆ ಅಲ್ಲ ಸಾರ್. ಆ ಗಾಡೀಲಿ ಮರಳು, ಈ ಗಾಡೀಲಿ ಮನುಷ್ಯಳು. ಹೋಲಿಸೋದಾದ್ರೆ ಸರಿಯಾಗಿ ಹೋಲಿಸಿ. ಆ ಚೀಲಗಳನ್ನೇ ಇದಕ್ಕೂ ಕಟ್ಟಿ ಇನ್ನೊಂದು ಸಲ ಓಡಿಸೋಣ.”

“ಅಲ್ಲಮ್ಮಾ, ಓದೋರು ಇದ್ದಾಗಲೇ ಸೋತಿದೆ, ಚೀಲ ಕಟ್ಟಿದ್ರೆ ಗೆಲ್ಲತ್ತಾ?” ಮಾಲೀಕರು ನಕ್ಕರು. ಅವರ ಮಾತಿನಲ್ಲಿ ನ್ಯಾಯವಿತ್ತು. ಅಕ್ಕನಿಗೂ ಗೆಲ್ಲುವ ನಂಬಿಕೆಯೇನಿರಲಿಲ್ಲ, ಗಾಡಿಗೆ ಇನ್ನೊಂದು ಅವಕಾಶ ಸಿಕ್ಕರೆ ಸಾಕಿತ್ತು. ಮಾಲೀಕರು ಕೊನೆಗೆ ಹೂಂ ಎಂದರು. ಆದರೆ ಅಡ್ಡ ಬಂದವಳು ತಂಗಿ.

“ಬೇಡ ಬಿಡಕ್ಕಾ. ಸೋತ್ವಿ, ಸೋತ್ವಿ. ಗಾಡಿ ತಾನೇ, ಹೋಗಲಿ.”

“ಹೋಗಲಿ ಅಂತೀಯಲ್ಲೇ! ನಿಂಗೆ ಅನ್ನ ಕೊಟ್ಟ ಗಾಡಿ ಕಣೇ ಅದು. ಚಿಕ್ಕಪ್ಪನ ಮುಖ ನೋಡು ಒಂದ್ಸಲ!”

ತಂಗಿ ಚಿಕ್ಕಪ್ಪನ ಮುಖ ನೋಡಿದಳು. ಆಮೇಲೆ ಅಕ್ಕನ ಮುಖವನ್ನು ಅದಕ್ಕಿಂತ ಹೆಚ್ಚು ಹೊತ್ತು ನೋಡಿದಳು. ಗಾಡಿಯನ್ನು ಕೆಳಕ್ಕೆ ಇಳಿಸಿದಳು. ಟೈರು ಬದಲಾಯಿಸಿ ಚೀಲ ಕಟ್ಟಲು ಅರ್ಧ ಗಂಟೆ ಹಿಡಿಯಿತು. ಈ ಸಲ ತನ್ನ ಕೈಯಲ್ಲೂ ಒಂದು ಸ್ಟಾಪ್‌ವಾಚು ಇರಬೇಕೆಂದು ಹಟ ಹಿಡಿದು ಅಕ್ಕ ಗುಡ್ಡದ ತುದಿಯಲ್ಲಿ ಚಿಕ್ಕಪ್ಪನ ಪಕ್ಕ ನಿಂತಳು. ವಾಕಿಟಾಕಿಯಲ್ಲಿ ‘ಹೊರಟಿತು’ ಎಂದು ಕೇಳಿದೊಡನೆ ಇಬ್ಬರೂ ಗಡಿಯಾರ ಶುರು ಮಾಡಿದರು.

ಹನ್ನೊಂದು ವರ್ಷದಲ್ಲಿ ಅವಳು ಆ ಗಾಡಿ ಓಡುವ ಸದ್ದನ್ನು ಹೊರಗೆ ನಿಂತು ಕೇಳಿದ್ದು ಅದೇ ಮೊದಲು. ಕೆಳಗಿನಿಂದ ಕೂಗು ಏರಿ ಬಂತು. ಎಲ್ಲಿಯೂ ತಡೆಯಲಿಲ್ಲ, ಅನುಮಾನಿಸಲಿಲ್ಲ. ಗಾಡಿ ಕಣ್ಣೆದುರು ಸುಂಯ್ಯೆಂದು ಹಾದುಹೋದಾಗ ಅಕ್ಕ ಗುಂಡಿ ಒತ್ತಿದಳು.

ಐದು ನಿಮಿಷ ನಲವತ್ತೇಳು ಸೆಕೆಂಡು.

ತಪ್ಪು ಒತ್ತಿದೆನೇನೋ ಎಂದು ಅವಳು ಗಡಿಯಾರವನ್ನು ಅಲ್ಲಾಡಿಸಿದಳು. ಚಿಕ್ಕಪ್ಪನ ಗಡಿಯಾರದಲ್ಲೂ ಅಷ್ಟೇ ಇತ್ತು. “ಗೆದ್ವಿ! ಟರ್ಬೊಗಿಂತ ಐದು ಸೆಕೆಂಡು ಮುಂದೆ!” ಎಂದು ಚಿಕ್ಕಪ್ಪ ಅವಳನ್ನು ಎತ್ತಿ ಒಂದು ಸುತ್ತು ತಿರುಗಿಸಿಯೇ ಬಿಟ್ಟ. ಕೆಳಗಿಳಿಸಿದ ಮೇಲೆ ಅವಳ ಮುಖ ನೋಡಿದ. ಅವನ ನಗು ಹಾಗೆಯೇ ಬತ್ತಿಹೋಯಿತು.

ಅದೇ ಗಾಡಿ. ಅದೇ ರಸ್ತೆ. ಅದೇ ತೂಕ. ಅವಳಿದ್ದಾಗ ಆರು ನಿಮಿಷ ಒಂದು. ಅವಳ ಜಾಗದಲ್ಲಿ ಮರಳಿದ್ದಾಗ ಹದಿನಾಲ್ಕು ಸೆಕೆಂಡು ಕಡಿಮೆ. ಲೆಕ್ಕ ಒಂದನೇ ಕ್ಲಾಸಿನ ಮಕ್ಕಳಿಗೂ ಬರುವಂಥದ್ದು.

ತಂಗಿ ಗಾಡಿ ನಿಲ್ಲಿಸಿ ಇಳಿದಳು. ಗೆದ್ದವಳ ಹಾಗೆ ಓಡಿ ಬರಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು, ಟೈರು ನೋಡುವವಳ ಹಾಗೆ ಬಗ್ಗಿದಳು.

“ಪುಟ್ಟಿ,” ಅಕ್ಕನ ದನಿ ಅವಳಿಗೇ ಗುರುತು ಸಿಗಲಿಲ್ಲ. “ನಾನು ತಪ್ಪು ಓದ್ತಾ ಇದ್ದೀನಾ?”

“ತಪ್ಪಲ್ಲಕ್ಕಾ.”

“ಮತ್ತೆ?”

“ತಡ.”

ಚಿಕ್ಕಪ್ಪ ಗಾಡಿಗೆ ಒರಗಿ ನಿಂತವನು ಹಣೆ ಹಣೆ ಬಡಿದುಕೊಂಡ. “ನಾನೇ ಮಾಡಿದ್ದು! ಎರಡು ವರ್ಷದ ಕೆಳಗೆ ಎಂಜಿನ್ ಬಿಚ್ಚಿ ಇನ್ನೂ ಜೋರಾಗಿ ತಿರುಗೋ ಹಾಗೆ ಮಾಡಿದ್ನಲ್ಲ, ಕೂಗು ತುದಿ ಮುಟ್ಟೋದೇ ಈಗ ತಡವಾಗಿ. ಅಷ್ಟರಲ್ಲಿ ಗಾಡಿ ತಿರುವಿನ ಬಾಯಿಗೇ ಬಂದಿರತ್ತೆ. ನೀನು ಇನ್ನೂ ಆ ತುದಿಗೇ ಕಾಯ್ತಾ ಇದ್ದೀಯ.”

ಎರಡು ವರ್ಷ! ಅಕ್ಕ ತಂಗಿಯ ಕಡೆ ತಿರುಗಿದಳು. “ಎರಡು ವರ್ಷದಿಂದ ಮತ್ತೆ ನೀನು ಹೇಗೇ ಓಡಿಸ್ತಿದ್ದೆ?”

“ಪ್ರತಿ ರ‍್ಯಾಲಿಗೂ ಮುಂಚೆ ರಸ್ತೆ ಪೂರ್ತಿ ಬಾಯಿಪಾಠ ಮಾಡ್ಕೊಂಡು ಬರ್ತಿದ್ದೆ.” ತಂಗಿ ಈಗಲೂ ಟೈರನ್ನೇ ನೋಡುತ್ತಿದ್ದಳು. “ನಿನ್ನ ಮಾತು ಕೇಳಿಸ್ಕೊಳ್ಳಬಾರದು ಅಂತಲೇ ಕೂತಿರ್ತೀನಿ. ಆದ್ರೆ ಕಿವಿ ಮುಚ್ಚಕ್ಕಾಗಲ್ವಲ್ಲಕ್ಕಾ. ಆಗಲೇ ಹೊಕ್ಕಿರೋ ತಿರುವನ್ನ ನೀನು ಹೇಳ್ದಾಗ ಆಕ್ಸಿಲರೇಟರಿಂದ ಕಾಲು ತಾನಾಗೇ ಮೇಲೆ ಬಂದುಬಿಡತ್ತೆ.”

“ಹೇಳಬಾರದಿತ್ತೇನೇ ನಂಗೆ?”

“ಹೇಗೆ ಹೇಳಲಿ?” ಎಂದಳು ತಂಗಿ. “ನಿನ್ನ ಕಿವಿ ಗಡಿಯಾರ ಅಂತ ಎಲ್ಲರ ಹತ್ರಾನೂ ಹೇಳ್ಕೊಂಡು ತಿರುಗಿದವಳು ನಾನೇ.”

ಅಕ್ಕನಿಗೆ ಈಗ ಅರ್ಥವಾಯಿತು. ಎರಡು ವರ್ಷ ಗಂಟಲು ಹರಿದುಕೊಂಡು ಓದಿದ ಒಂದೊಂದು ಸಾಲೂ ಯಾರಿಗೂ ಬೇಡವಾದ ಸದ್ದಾಗಿತ್ತು. ಆ ಪುಟ್ಟ ಗಾಡಿಯೊಳಗೆ, ಭುಜಕ್ಕೆ ಭುಜ ತಾಗುವಷ್ಟು ಹತ್ತಿರ ಕೂತವಳು ತನ್ನಿಂದ ತಪ್ಪಿಸಿಕೊಂಡು ಓಡಿಸುತ್ತಿದ್ದಳು. ಇವತ್ತಂತೂ ಅಕ್ಕನ ಮಾನ ಉಳಿಸಲು ಗಾಡಿಯನ್ನೇ ಕಳೆದುಕೊಳ್ಳಲು ತಯಾರಾಗಿದ್ದಳು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾಚಿಕೆಯೊಂದೇ ಬಂತು, ಕಿವಿ ಬಿಸಿಯಾಗುವಷ್ಟು.

ಅಷ್ಟರಲ್ಲಿ ಮಾಲೀಕರ ಕಾರು ಮೇಲೆ ಬಂತು. ಇಳಿಯುತ್ತಲೇ, “ನಂಬಕ್ಕಾಗ್ತಿಲ್ಲ! ಹದಿನಾಲ್ಕು ಸೆಕೆಂಡು ಎಲ್ಲಿಂದ ತಂದ್ರಿ? ಏನು ಬದಲಾಯಿಸಿದ್ರಿ?” ಎಂದರು.

“ಟೈರಿನ ಗಾಳಿ ಸ್ವಲ್ಪ ಕಮ್ಮಿ ಮಾಡಿದ್ವಿ ಸಾರ್,” ಎಂದಳು ತಂಗಿ ತಡವಿಲ್ಲದೆ. ಆ ಸುಳ್ಳು ಅಷ್ಟು ಸಲೀಸಾಗಿ ಬಂದದ್ದು ಕೇಳಿದಾಗಲೇ ಅಕ್ಕನಿಗೆ ತಿಳಿದದ್ದು, ಎರಡು ವರ್ಷದಲ್ಲಿ ತನ್ನ ಬೆನ್ನ ಹಿಂದೆ ಇಂಥವು ಎಷ್ಟು ಹುಟ್ಟಿರಬೇಕೆಂದು. ಸುಮ್ಮನಿದ್ದರೆ ಇನ್ನೊಂದು ವರ್ಷ ನಡೆಯುತ್ತದೆ. ಹಾಗೆ ನಡೆದರೆ ಮುಂದಿನ ರ‍್ಯಾಲಿಯಲ್ಲಿ ಗಾಡಿ ಮತ್ತೆ ಸೋಲುತ್ತದೆ, ಆಗ ಅದನ್ನು ಉಳಿಸುವವರಿರುವುದಿಲ್ಲ.

“ಗಾಳಿ ಮುಟ್ಟಿಲ್ಲ ಸಾರ್,” ಎಂದಳು ಅಕ್ಕ. “ನಾನು ಕೂರಲಿಲ್ಲ, ಅಷ್ಟೇ. ಗಾಡಿ ಮಾರಬೇಡಿ. ಓದಕ್ಕೆ ಬೇರೆಯವರನ್ನ ನೋಡಿ.”

ಮಾಲೀಕರು ತಮಾಷೆಯೆಂದುಕೊಂಡು ನಗಲು ಹೋದರು. ಅಕ್ಕ ನಗದಿದ್ದದ್ದು ಕಂಡು ತಂಗಿಯ ಕಡೆ ನೋಡಿದರು. “ಏನಮ್ಮಾ ಇದು, ಇವರು ಹೇಳ್ತಿರೋದು ನಿಜವಾ?”

ತಂಗಿ ಇಲ್ಲ ಎನ್ನುತ್ತಾಳೆಂದು ಅಕ್ಕ ಕಾದಳು. ತಂಗಿ ಇಲ್ಲ ಎನ್ನಲಿಲ್ಲ.